ಬೇರ್ಪಡಿಸುವ ಲೆಕ್ಕ ಹಾಕಿದ ಆರ್ಚರ್ ಮಾರ್ಟಿನ್



ಅಕ್ಕಿಯಲ್ಲಿ ಕಲ್ಲು ಸೇರಿಕೊಂಡರೆ ಅಮ್ಮ ಏನು ಮಾಡುತ್ತಾರೆ? ಕೈಯಿಂದ ಆರಿಸುತ್ತಾರೆ. ಭತ್ತದಲ್ಲಿ ಜೊಳ್ಳು ಇದ್ದರೆ ಗೆರಸೆಯಲ್ಲಿ, ಅಂದರೆ ನಮ್ಮ ತುಳುವಿನ ತಡ್ಪೆಯಲ್ಲಿ, ಕೇರುತ್ತಾರೆ. ಚಹಾದ ಚರಟವನ್ನು ಸೋಸಿ ತೆಗೆಯುತ್ತಾರೆ. ಉಪ್ಪುನೀರಿನಿಂದ ಉಪ್ಪು ಬೇಕಿದ್ದರೆ ನೀರನ್ನು ಆವಿ ಮಾಡುತ್ತಾರೆ. ಮಿಶ್ರಣಗಳನ್ನು ಬೇರ್ಪಡಿಸುವ ಈ ವಿಧಾನಗಳನ್ನೆಲ್ಲ ನೀವು ವಿಜ್ಞಾನ ಪಾಠದಲ್ಲಿ ಓದಿದ್ದೀರಿ.

ಈಗ ಒಂದು ಕಷ್ಟದ ಪ್ರಶ್ನೆ. ಒಂದು ಲೋಟ ನೀರಿನಲ್ಲಿ ಇಪ್ಪತ್ತು ಬಗೆಯ ವಸ್ತುಗಳು ಕರಗಿವೆ. ಎಲ್ಲವೂ ಬಿಳಿ, ಎಲ್ಲವೂ ನೀರಿನಲ್ಲಿ ಕರಗುವಂಥವು. ಗುಣಗಳಲ್ಲಿಯೂ ಅಣ್ಣ ತಮ್ಮಂದಿರಂತೆ ಹೋಲಿಕೆ. ಇವನ್ನು ಬೇರೆ ಬೇರೆ ಮಾಡುವುದು ಹೇಗೆ? ಜರಡಿ, ಗೆರಸೆ, ಸೋಸುವ ಬಟ್ಟೆ ಯಾವುದೂ ಇಲ್ಲಿ ಕೆಲಸಕ್ಕೆ ಬಾರದು.

ಸುಮಾರು ಎಂಬತ್ತು ವರ್ಷಗಳ ಹಿಂದೆ ಜಗತ್ತಿನ ದೊಡ್ಡ ದೊಡ್ಡ ರಸಾಯನ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ಇದನ್ನು ಬಿಡಿಸಿದವರು ಆರ್ಚರ್ ಮಾರ್ಟಿನ್ ಮತ್ತು ಅವರ ಗೆಳೆಯ ರಿಚರ್ಡ್ ಸಿಂಜ್. ಗಾಜಿನ ಕೊಳವೆಯ ಜೊತೆಗೆ ಲೆಕ್ಕದ ಪುಸ್ತಕವನ್ನೂ ಹಿಡಿದು ಅವರು ಈ ಕೆಲಸ ಮಾಡಿದರು. ಬನ್ನಿ, ಅವರ ಕಥೆ ತಿಳಿಯೋಣ.

ಕಾಫಿ ಡಬ್ಬಗಳ ಹುಡುಗ

ಆರ್ಚರ್ ಜಾನ್ ಪೋರ್ಟರ್ ಮಾರ್ಟಿನ್ ಹುಟ್ಟಿದ್ದು 1910ರ ಮಾರ್ಚ್ 1ರಂದು, ಇಂಗ್ಲೆಂಡಿನ ಲಂಡನ್ ನಗರದಲ್ಲಿ. ತಂದೆ ವೈದ್ಯರು. ಬಾಲಕ ಆರ್ಚರ್‌ಗೆ ಓದುವುದೆಂದರೆ ಬಲು ಕಷ್ಟ. ಅಕ್ಷರಗಳು ಅವನಿಗೆ ಸುಲಭವಾಗಿ ಒಲಿಯಲಿಲ್ಲ. ಅವನು ಓದಲು ಕಲಿತದ್ದು ಜೊತೆಯ ಮಕ್ಕಳಿಗಿಂತ ತಡವಾಗಿ. ಆದರೆ ಕೈಕೆಲಸದಲ್ಲಿ ಮಾತ್ರ ಬಹಳ ಚುರುಕು.

ಹುಡುಗನಾಗಿದ್ದಾಗಲೇ ಅವನು ಮನೆಯಲ್ಲಿ ಖಾಲಿ ಕಾಫಿ ಡಬ್ಬಗಳನ್ನು ಒಂದರ ಮೇಲೊಂದು ಬೆಸೆದು ಎತ್ತರದ ಕಂಬ ಮಾಡಿದ. ಒಳಗೆ ಕೋಕ್ ಎಂಬ ಇದ್ದಲಿನ ಚೂರುಗಳನ್ನು ತುಂಬಿದ. ಕೆಳಗಿನಿಂದ ದ್ರವವನ್ನು ಕುದಿಸಿ ಆವಿಯನ್ನು ಈ ಕಂಬದ ಮೂಲಕ ಮೇಲಕ್ಕೆ ಕಳುಹಿಸಿದ. ಆವಿ ಏರುತ್ತಾ ತಣಿಯುತ್ತದೆ, ಹನಿಯಾಗುತ್ತದೆ, ಮತ್ತೆ ಆವಿಯಾಗುತ್ತದೆ. ಬೇಗ ಕುದಿಯುವ ದ್ರವ ಮೇಲೆ ತಲುಪುತ್ತದೆ, ನಿಧಾನವಾಗಿ ಕುದಿಯುವುದು ಕೆಳಗೆ ಉಳಿಯುತ್ತದೆ. ಇದನ್ನು ಆಂಶಿಕ ಆಸವನ ಎನ್ನುತ್ತಾರೆ. ಕಚ್ಚಾ ಎಣ್ಣೆಯಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳನ್ನು ಬೇರ್ಪಡಿಸುವುದೂ ಹೀಗೆಯೇ. ಕಾರ್ಖಾನೆಯ ಅಂಥ ಕಂಬಗಳೊಳಗೆ ಒಂದರ ಮೇಲೊಂದರಂತೆ ತಟ್ಟೆಗಳಿರುತ್ತವೆ. ಈ ತಟ್ಟೆಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತವೆ.

1929ರಲ್ಲಿ ಮಾರ್ಟಿನ್ ಕೇಂಬ್ರಿಜ್ ವಿಶ್ವವಿದ್ಯಾಲಯ ಸೇರಿದರು. ಕೆಮಿಕಲ್ ಎಂಜಿನಿಯರ್ ಆಗಬೇಕೆಂಬುದು ಅವರ ಆಸೆಯಾಗಿತ್ತು. ಅಲ್ಲಿದ್ದ ಜೆ.ಬಿ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿಯ ಪ್ರಭಾವದಿಂದ ಜೀವರಸಾಯನ ವಿಜ್ಞಾನದ ಕಡೆಗೆ ತಿರುಗಿದರು. ಈ ಹಾಲ್ಡೇನ್ ನಮಗೂ ಬೇಕಾದವರೇ. ಅವರು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದರು, ಭಾರತದ ಪೌರತ್ವ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಉಣ್ಣೆಯೊಳಗೆ ಏನಿದೆ?

1938ರಲ್ಲಿ ಮಾರ್ಟಿನ್ ಲೀಡ್ಸ್ ನಗರದ ಉಣ್ಣೆ ಉದ್ಯಮದ ಸಂಶೋಧನಾಲಯಕ್ಕೆ ಕೆಲಸಕ್ಕೆ ಸೇರಿದರು. ಕುರಿಯ ಉಣ್ಣೆ ಒಂದು ಪ್ರೋಟೀನು. ನಮ್ಮ ಕೂದಲು, ಉಗುರು, ಸ್ನಾಯು ಇವುಗಳಲ್ಲಿಯೂ ಪ್ರೋಟೀನುಗಳಿವೆ. ಎಲ್ಲ ಪ್ರೋಟೀನುಗಳೂ ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳ ಸರಪಳಿಗಳು. ಮುಖ್ಯವಾದ ಅಮೈನೋ ಆಮ್ಲಗಳು 20. ಉಣ್ಣೆಯಲ್ಲಿ ಯಾವ ಅಮೈನೋ ಆಮ್ಲ ಎಷ್ಟಿದೆ ಎಂದು ತಿಳಿಯಬೇಕಾಗಿತ್ತು. ಮೊದಲು ಕೇಳಿದ ಲೋಟದ ಪ್ರಶ್ನೆ ಇದೇ! ಅವುಗಳ ಗುಣಗಳು ಅಷ್ಟೊಂದು ಹತ್ತಿರ.

ಈ ಕೆಲಸದಲ್ಲಿ ಜೊತೆಯಾದವರು ರಿಚರ್ಡ್ ಸಿಂಜ್. ಅವರು ಹುಟ್ಟಿದ್ದು 1914ರಲ್ಲಿ, ಲಿವರ್‌ಪೂಲ್‌ನಲ್ಲಿ. ಎಣ್ಣೆ ಮತ್ತು ನೀರು ಒಂದರೊಡನೊಂದು ಬೆರೆಯುವುದಿಲ್ಲ ಎಂದು ನಿಮಗೆ ಗೊತ್ತು. ಕ್ಲೋರೋಫಾರ್ಮ್ ಮತ್ತು ನೀರೂ ಹಾಗೆಯೇ. ಎರಡನ್ನೂ ಒಟ್ಟಿಗೆ ಕುಲುಕಿ ಬಿಟ್ಟರೆ ಎರಡು ಪದರಗಳಾಗುತ್ತವೆ. ಅವುಗಳಿಗೆ ಒಂದು ವಸ್ತುವನ್ನು ಹಾಕಿದರೆ ಅದು ಎರಡೂ ಪದರಗಳಲ್ಲಿ ಹಂಚಿಹೋಗುತ್ತದೆ. ಒಂದು ವಸ್ತುವಿಗೆ ನೀರು ಹೆಚ್ಚು ಇಷ್ಟ, ಇನ್ನೊಂದಕ್ಕೆ ಕ್ಲೋರೋಫಾರ್ಮ್ ಸ್ವಲ್ಪ ಹೆಚ್ಚು ಇಷ್ಟ. ವ್ಯತ್ಯಾಸ ತೀರಾ ಕಡಿಮೆ ಇದ್ದರೂ ಈ ಹಂಚಿಕೆಯನ್ನು ಮತ್ತೆ ಮತ್ತೆ ಮಾಡಿದರೆ ವಸ್ತುಗಳು ದೂರವಾಗುತ್ತವೆ.

ಅದಕ್ಕಾಗಿ ಅವರು ಒಂದು ಯಂತ್ರ ಕಟ್ಟಿದರು. ಅದರಲ್ಲಿ ನೀರು ಒಂದು ದಿಕ್ಕಿಗೆ, ಕ್ಲೋರೋಫಾರ್ಮ್ ಎದುರು ದಿಕ್ಕಿಗೆ ಹರಿಯಬೇಕು. ಹಗಲೂ ರಾತ್ರಿ ಯಾರಾದರೂ ಪಕ್ಕದಲ್ಲಿ ಕುಳಿತು ಹರಿವನ್ನು ಸರಿಪಡಿಸುತ್ತಲೇ ಇರಬೇಕಿತ್ತು. ಇಬ್ಬರೂ ಸರದಿಯಂತೆ ಕಾವಲು ಕುಳಿತರು. ಕೋಣೆಯ ತುಂಬ ಕ್ಲೋರೋಫಾರ್ಮಿನ ಆವಿ. ಅದು ಮಂಪರು ತರಿಸುವ ವಸ್ತು! ಇಷ್ಟು ಕಷ್ಟಪಟ್ಟರೂ ಫಲ ಅಷ್ಟಕ್ಕಷ್ಟೇ.

1940ರಲ್ಲಿ ಮಾರ್ಟಿನ್‌ಗೆ ಒಂದು ವಿಚಾರ ಹೊಳೆಯಿತು. ಎರಡು ದ್ರವಗಳನ್ನೂ ಏಕೆ ಓಡಿಸಬೇಕು? ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮಾತ್ರ ಹರಿಸಿದರೆ ಸಾಲದೇ? ಸಿಲಿಕಾ ಜೆಲ್ ಎಂಬ ಪುಡಿ ನೀರನ್ನು ಹೀರಿ ಹಿಡಿದಿಡುತ್ತದೆ. ಹೊಸ ಚೀಲ, ಪಾದರಕ್ಷೆಗಳ ಡಬ್ಬದಲ್ಲಿ ಚಿಕ್ಕ ಪೊಟ್ಟಣದಲ್ಲಿ ಇರುವ ಹರಳುಗಳು ಇವೇ. ನೀರು ಹೀರಿದ ಈ ಪುಡಿಯನ್ನು ಗಾಜಿನ ಕೊಳವೆಯಲ್ಲಿ ತುಂಬಿದರು. ಮೇಲಿನಿಂದ ಕ್ಲೋರೋಫಾರ್ಮ್ ಹರಿಸಿದರು. ಪುಡಿಗೆ ಮೀಥೈಲ್ ಆರೆಂಜ್ ಎಂಬ ಸೂಚಕವನ್ನೂ ಸೇರಿಸಿದ್ದರಿಂದ, ಆಮ್ಲ ಇಳಿಯುವ ಕಡೆಯೆಲ್ಲ ಕೆಂಪು ಪಟ್ಟಿಗಳು ಕಾಣಿಸಿದವು. ಪಟ್ಟಿಗಳು ಒಂದರಿಂದೊಂದು ದೂರವಾಗುತ್ತಾ ಕೆಳಗಿಳಿದವು.

ಕೊಳವೆಯ ಮೂಲಕ ಹರಿಸಿ ಬೇರ್ಪಡಿಸುವ ಉಪಾಯ ಇವರಿಗಿಂತ ಮೊದಲೇ ಇತ್ತು. 1903ರ ಹೊತ್ತಿಗೆ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಸೀಮೆಸುಣ್ಣದಂತಹ ಪುಡಿಯ ಕೊಳವೆಯಲ್ಲಿ ಎಲೆಯ ರಸವನ್ನು ಹರಿಸಿ, ಹಸಿರು ಹಳದಿ ಬಣ್ಣಗಳನ್ನು ಬೇರ್ಪಡಿಸಿದ್ದರು. 1906ರಲ್ಲಿ ಅದಕ್ಕೆ ಕ್ರೊಮ್ಯಾಟೋಗ್ರಫಿ, ಅಂದರೆ ಬಣ್ಣದ ಬರಹ, ಎಂದು ಹೆಸರಿಟ್ಟರು. ಆದರೆ ಹಲವು ವರ್ಷ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಮಾರ್ಟಿನ್ ಮತ್ತು ಸಿಂಜ್ ಅದಕ್ಕೆ ಎರಡು ದ್ರವಗಳ ಹಂಚಿಕೆಯನ್ನು ಸೇರಿಸಿದರು. ಜೊತೆಗೆ ಇನ್ನೊಂದು ದೊಡ್ಡ ವಿಷಯವನ್ನೂ ಸೇರಿಸಿದರು. ಅದೇ ಗಣಿತ.

ಚೆನ್ನೆಮಣೆಯಲ್ಲಿ ಮಾಡಿ ನೋಡಿ

ಬಿ.ಸಿ.ರೋಡಿನಿಂದ ಮಂಗಳೂರಿಗೆ ಒಂದೇ ಸಮಯಕ್ಕೆ ಎರಡು ಬಸ್ಸುಗಳು ಹೊರಟವು ಎನ್ನಿ. ಒಂದು ಎಕ್ಸ್‌ಪ್ರೆಸ್. ಇನ್ನೊಂದು ತುಂಬೆ, ಫರಂಗಿಪೇಟೆ, ಅಡ್ಯಾರು, ಪಡೀಲು ಎಂದು ಎಲ್ಲ ಕಡೆ ನಿಲ್ಲುವ ಸರ್ವೀಸ್ ಬಸ್ಸು. ಓಡುವಾಗ ಎರಡರ ವೇಗವೂ ಒಂದೇ. ಆದರೂ ಹೆಚ್ಚು ಹೊತ್ತು ನಿಂತದ್ದು ಹಿಂದೆ ಬೀಳುತ್ತದೆ. ಕೊಳವೆಯೊಳಗೂ ಹೀಗೆಯೇ. ಪುಡಿಯಲ್ಲಿರುವ ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವ ವಸ್ತು ಹಿಂದೆ ಉಳಿಯುತ್ತದೆ.

ಎಷ್ಟು ಹಿಂದೆ? ಕೊಳವೆ ಎಷ್ಟು ಉದ್ದ ಇರಬೇಕು? ಇದನ್ನು ಲೆಕ್ಕ ಹಾಕಲು ಮಾರ್ಟಿನ್ ಬಾಲ್ಯದ ಆಸವನ ಕಂಬವನ್ನು ನೆನೆದರು. ಕೊಳವೆಯನ್ನು ಮನಸ್ಸಿನಲ್ಲಿಯೇ ಅನೇಕ ತಟ್ಟೆಗಳನ್ನಾಗಿ ಭಾಗ ಮಾಡಿದರು. ಪ್ರತಿ ತಟ್ಟೆಯಲ್ಲಿ ವಸ್ತು ನಿಂತ ದ್ರವಕ್ಕೂ ಹರಿಯುವ ದ್ರವಕ್ಕೂ ಹಂಚಿಹೋಗುತ್ತದೆ. ಹರಿಯುವ ಪಾಲು ಮಾತ್ರ ಮುಂದಿನ ತಟ್ಟೆಗೆ ಸಾಗುತ್ತದೆ. ನಿಜವಾದ ಕೊಳವೆಯಲ್ಲಿ ತಟ್ಟೆಗಳೇ ಇಲ್ಲ! ಲೆಕ್ಕಕ್ಕಾಗಿ ಕಲ್ಪಿಸಿಕೊಂಡದ್ದು. ಹೀಗೆ ನಿಜ ಸಂಗತಿಯನ್ನು ಸರಳವಾಗಿ ಕಲ್ಪಿಸಿಕೊಂಡು ಲೆಕ್ಕ ಮಾಡುವುದನ್ನು ಗಣಿತದ ಮಾದರಿ ಎನ್ನುತ್ತಾರೆ.

ಈ ಮಾದರಿಯನ್ನು ನೀವೇ ಮಾಡಬಹುದು. ಆಟಿ ತಿಂಗಳಲ್ಲಿ ಆಡುವ ಚೆನ್ನೆಮಣೆಯನ್ನು ಹೊರತೆಗೆಯಿರಿ. ಒಂದು ಸಾಲಿನ 7 ಗುಳಿಗಳೇ 7 ತಟ್ಟೆಗಳು. ಮೊದಲ ಗುಳಿಯಲ್ಲಿ 64 ಮಂಜೊಟ್ಟಿ ಮತ್ತು 64 ಹುಣಸೆ ಬೀಜ ಹಾಕಿ. ಗುಳಿ ಚಿಕ್ಕದಾದರೆ ನೆಲದ ಮೇಲೆ ವೃತ್ತಗಳನ್ನು ಬರೆದುಕೊಳ್ಳಿ. ನಿಯಮ ಇಷ್ಟೇ: ಪ್ರತಿ ನಡೆಯಲ್ಲಿ ಪ್ರತಿ ಗುಳಿಯ ಮಂಜೊಟ್ಟಿಯಲ್ಲಿ ಅರ್ಧ ಭಾಗ ಮುಂದಿನ ಗುಳಿಗೆ ಹೋಗಬೇಕು. ಹುಣಸೆ ಬೀಜದಲ್ಲಿ ಕಾಲು ಭಾಗ ಮಾತ್ರ ಹೋಗಬೇಕು. ಲೆಕ್ಕ ತಪ್ಪದಿರಲು ಮುಂದಿನ ಗುಳಿಯಿಂದ ಆರಂಭಿಸಿ ಹಿಂದಕ್ಕೆ ಬನ್ನಿ.

ಮಂಜೊಟ್ಟಿ ಹೀಗೆ ಸಾಗುತ್ತದೆ:
ಒಂದನೆಯ ನಡೆ: 32, 32
ಎರಡನೆಯ ನಡೆ: 16, 32, 16
ಮೂರನೆಯ ನಡೆ: 8, 24, 24, 8

ಹುಣಸೆ ಬೀಜ ಹೀಗೆ ಸಾಗುತ್ತದೆ:
ಒಂದನೆಯ ನಡೆ: 48, 16
ಎರಡನೆಯ ನಡೆ: 36, 24, 4
ಮೂರನೆಯ ನಡೆ: 27, 27, 9, 1

ಪ್ರತಿ ಸಾಲನ್ನೂ ಕೂಡಿಸಿ ನೋಡಿ, ಮೊತ್ತ 64 ಬರಬೇಕು. ಮೂರು ನಡೆಗಳಲ್ಲಿ ಮಂಜೊಟ್ಟಿ ಸರಾಸರಿ ಒಂದೂವರೆ ಗುಳಿ ಮುಂದೆ ಹೋಗಿದೆ. ಹುಣಸೆ ಬೀಜ ಮುಕ್ಕಾಲು ಗುಳಿ ಮಾತ್ರ. ಬೇರ್ಪಡುವುದು ಆರಂಭವಾಗಿದೆ, ಆದರೆ ಇನ್ನೂ ಬೆರಕೆ ಇದೆ. ಮಂಜೊಟ್ಟಿಯನ್ನು ಆರು ನಡೆ ಸಾಗಿಸಿದರೆ 1, 6, 15, 20, 15, 6, 1 ಎಂದು ಏಳೂ ಗುಳಿಗಳು ತುಂಬುತ್ತವೆ. ನಡುವೆ ರಾಶಿ, ಎರಡು ಬದಿಗೆ ಇಳಿಜಾರು. ನಮ್ಮ ಪ್ರಾಚೀನ ಛಂದಸ್ಸಿನ ಪಂಡಿತರ ಮೇರು ಪ್ರಸ್ತಾರದಲ್ಲಿ ಬರುವ ಸಂಖ್ಯೆಗಳೂ ಇವೇ.

ನಡೆಗಳು ಹೆಚ್ಚಿದಂತೆ ಎರಡು ಸಂಗತಿಗಳು ನಡೆಯುತ್ತವೆ. ಎರಡು ರಾಶಿಗಳ ನಡುವಿನ ದೂರ ಹೆಚ್ಚುತ್ತದೆ. ಅದೇ ಹೊತ್ತಿಗೆ ಪ್ರತಿ ರಾಶಿಯೂ ಅಗಲವಾಗುತ್ತದೆ. ರಾಶಿ ಅಗಲವಾದರೆ ಮತ್ತೆ ಬೆರೆಯುವುದಿಲ್ಲವೇ? ಗಣಿತ ಇಲ್ಲಿ ಧೈರ್ಯ ಹೇಳುತ್ತದೆ. ನಡೆಗಳು 4 ಪಟ್ಟಾದರೆ ದೂರವೂ 4 ಪಟ್ಟಾಗುತ್ತದೆ, ಆದರೆ ಅಗಲ 2 ಪಟ್ಟು ಮಾತ್ರ. ನಡೆಗಳು 9 ಪಟ್ಟಾದರೆ ದೂರ 9 ಪಟ್ಟು, ಅಗಲ 3 ಪಟ್ಟು. ಅಗಲ ಹೆಚ್ಚುವುದು ವರ್ಗಮೂಲದ ಲೆಕ್ಕದಲ್ಲಿ. ಆದ್ದರಿಂದ ತಟ್ಟೆಗಳು ಸಾಕಷ್ಟಿದ್ದರೆ, ಚಿಕ್ಕ ವ್ಯತ್ಯಾಸವಿರುವ ವಸ್ತುಗಳನ್ನೂ ಬೇರ್ಪಡಿಸಬಹುದು.

ಹಾಗಾದರೆ ಕೊಳವೆಯನ್ನು ಮೈಲುಗಟ್ಟಲೆ ಉದ್ದ ಮಾಡಬೇಕೇ? ಬೇಡ. ಅದೇ ಉದ್ದದಲ್ಲಿ ಹೆಚ್ಚು ತಟ್ಟೆಗಳು ಹಿಡಿಸುವಂತೆ ತಟ್ಟೆಯ ಎತ್ತರವನ್ನು ಕಡಿಮೆ ಮಾಡಿದರಾಯಿತು. ಅದಕ್ಕೆ ಪುಡಿ ತುಂಬ ನುಣುಪಾಗಿರಬೇಕು, ದ್ರವವನ್ನು ಒತ್ತಡದಿಂದ ತಳ್ಳಬೇಕು. ಇದನ್ನೂ ಅವರು 1941ರ ತಮ್ಮ ಲೇಖನದಲ್ಲಿಯೇ ತಿಳಿಸಿದರು.

ಹತ್ತು ವರ್ಷ ಕಾದ ಮಾತು

ಆ ಲೇಖನದಲ್ಲಿ ಇನ್ನೊಂದು ಮಾತೂ ಇತ್ತು. ಹರಿಯುವುದು ದ್ರವವೇ ಆಗಬೇಕಿಲ್ಲ, ಅನಿಲವಾದರೂ ಆದೀತು ಎಂದು ಅವರು ಬರೆದಿದ್ದರು. ಯಾರೂ ಮಾಡಿ ನೋಡಿರಲಿಲ್ಲ. ಮಾದರಿಯ ಆಧಾರದಿಂದ ಮುಂಚಿತವಾಗಿ ಹೇಳಿದ್ದು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಯುದ್ಧ ಮುಗಿದ ಮೇಲೂ ಯಾರೂ ಈ ಮಾತನ್ನು ಕೈಗೆತ್ತಿಕೊಳ್ಳಲಿಲ್ಲ.

ಈ ನಡುವೆ 1944ರಲ್ಲಿ ಮಾರ್ಟಿನ್, ಕಾನ್ಸ್ಡನ್ ಮತ್ತು ಗಾರ್ಡನ್ ಅವರೊಡನೆ ಸೇರಿ ಕೊಳವೆಯ ಬದಲು ಸೋಸುಕಾಗದವನ್ನೇ ಬಳಸಿದರು. ಕಾಗದದ ತುದಿಯಲ್ಲಿ ಒಂದು ಹನಿ ಮಿಶ್ರಣ, ಅದರ ಮೇಲೆ ಹರಿಯುವ ದ್ರವ, ಕೊನೆಗೆ ನಿನ್‌ಹೈಡ್ರಿನ್ ಸಿಂಪಡಿಸಿದರೆ ಅಮೈನೋ ಆಮ್ಲಗಳು ನೇರಳೆ ಚುಕ್ಕೆಗಳಾಗಿ ಕಾಣುತ್ತವೆ. ಬೆಲೆಬಾಳುವ ಉಪಕರಣ ಬೇಡವಾದ್ದರಿಂದ ಇದು ಜಗತ್ತಿನ ಎಲ್ಲೆಡೆ ಹಬ್ಬಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ವಿ. ಗಿರಿ ಮತ್ತು ಎನ್. ಅಪ್ಪಾಜಿ ರಾವ್ ದುಂಡನೆಯ ಕಾಗದದ ನಡುವಿನಿಂದ ದ್ರವವನ್ನು ಹರಡಿಸುವ ವಿಧಾನವನ್ನು ಬೆಳೆಸಿದರು. 1952ರಲ್ಲಿ ಅದು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇನ್ಸುಲಿನ್‌ನಲ್ಲಿರುವ 51 ಅಮೈನೋ ಆಮ್ಲಗಳ ಕ್ರಮವನ್ನು ಫ್ರೆಡರಿಕ್ ಸ್ಯಾಂಗರ್ ಕಂಡುಹಿಡಿದದ್ದು, ಗಿಡ ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿಸುವ ಹಂತಗಳನ್ನು ಮೆಲ್ವಿನ್ ಕ್ಯಾಲ್ವಿನ್ ತಂಡ ತಿಳಿದದ್ದು ಇಂಥ ವಿಧಾನಗಳ ನೆರವಿನಿಂದಲೇ.

ಮಾರ್ಟಿನ್ 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯನ್ನು ಸೇರಿದರು. ಲಂಡನ್ ಬಳಿಯ ಮಿಲ್ ಹಿಲ್ ಸಂಶೋಧನಾಲಯದಲ್ಲಿ ಆಂಟನಿ ಜೇಮ್ಸ್ ಎಂಬ ಯುವ ವಿಜ್ಞಾನಿ ಅವರೊಡನೆ ಕೆಲಸ ಮಾಡುತ್ತಿದ್ದರು. ಕೈಗೊಂಡ ಒಂದು ಪ್ರಯೋಗ ಫಲಿಸದೆ ಜೇಮ್ಸ್ ಬೇಸರದಲ್ಲಿದ್ದಾಗ, ಮಾರ್ಟಿನ್ ತಮ್ಮ ಹಳೆಯ ಲೇಖನದ ಮಾತನ್ನು ಪರೀಕ್ಷಿಸೋಣ ಎಂದರು. ಅನಿಲವನ್ನು ಹರಿಸಿ ನೋಡಿದರು. ಒಂದೇ ಬಗೆಯ ಕೊಬ್ಬಿನ ಆಮ್ಲಗಳು ಸಾಲಾಗಿ, ಒಂದರ ಹಿಂದೊಂದು ಹೊರಬಂದವು! ಹೀಗೆ ಅನಿಲ ಕ್ರೊಮ್ಯಾಟೋಗ್ರಫಿ ಹುಟ್ಟಿತು. 1941ರಲ್ಲಿ ಹೇಳಿದ ಮಾತನ್ನು ಹತ್ತು ವರ್ಷಗಳ ನಂತರ ಹೇಳಿದವರೇ ನಿಜ ಮಾಡಿ ತೋರಿಸಬೇಕಾಯಿತು. ಅವರ ಲೇಖನ ಪ್ರಕಟವಾದ 1952ರಲ್ಲಿಯೇ ಮಾರ್ಟಿನ್ ಮತ್ತು ಸಿಂಜ್ ಅವರಿಗೆ ಹಂಚಿಕೆಯ ಕ್ರೊಮ್ಯಾಟೋಗ್ರಫಿಗಾಗಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಆಗ ಮಾರ್ಟಿನ್‌ಗೆ 42 ವರ್ಷ, ಸಿಂಜ್‌ಗೆ 38.

ವೇಗ ಎಷ್ಟಿರಬೇಕು?

ಮಾದರಿಗಳು ಅಲ್ಲಿಗೇ ನಿಲ್ಲಲಿಲ್ಲ. 1956ರಲ್ಲಿ ಹಾಲೆಂಡಿನ ವ್ಯಾನ್ ಡೀಮ್ಟರ್ ಮತ್ತು ಅವರ ಜೊತೆಗಾರರು ಇನ್ನೊಂದು ಪ್ರಶ್ನೆಗೆ ಉತ್ತರ ಕೊಟ್ಟರು. ಹರಿವಿನ ವೇಗ ಎಷ್ಟಿದ್ದರೆ ರಾಶಿ ಕಡಿಮೆ ಅಗಲವಾಗುತ್ತದೆ? ರಾಶಿ ಅಗಲವಾಗಲು ಮೂರು ಕಾರಣಗಳು. ಪುಡಿಯ ಕಣಗಳ ನಡುವೆ ದಾರಿಗಳು ಹಲವು, ಕೆಲವು ಹತ್ತಿರ, ಕೆಲವು ಸುತ್ತು. ಇದು ಮೊದಲನೆಯದು. ಹರಿವು ತೀರಾ ನಿಧಾನವಾದರೆ, ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ಪರಿಮಳ ಹರಡುವಂತೆ ವಸ್ತು ತಾನಾಗಿಯೇ ಹರಡಿಕೊಳ್ಳುತ್ತದೆ. ಇದು ಎರಡನೆಯದು. ಹರಿವು ತೀರಾ ವೇಗವಾದರೆ ವಸ್ತುವಿಗೆ ಇಳಿದು ಹತ್ತಲು ಸಮಯ ಸಾಲದು, ಕೆಲವು ಕಣಗಳು ಹಿಂದೆ ಉಳಿಯುತ್ತವೆ. ಇದು ಮೂರನೆಯದು.

ಅಭ್ಯಾಸಕ್ಕಾಗಿ ಸುಲಭದ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ತಟ್ಟೆಯ ಎತ್ತರ = 1 + (4 ÷ ವೇಗ) + ವೇಗ. ವೇಗ 1 ಆದರೆ 1 + 4 + 1 = 6. ವೇಗ 2 ಆದರೆ 1 + 2 + 2 = 5. ವೇಗ 4 ಆದರೆ 1 + 1 + 4 = 6. ನೋಡಿದಿರಾ? ತೀರಾ ನಿಧಾನವೂ ಒಳ್ಳೆಯದಲ್ಲ, ತೀರಾ ಅವಸರವೂ ಒಳ್ಳೆಯದಲ್ಲ. ನಡುವೆ ಒಂದು ಹದ ಇದೆ. ಹತ್ತಾರು ಸಲ ಪ್ರಯೋಗ ಮಾಡಿ ದ್ರವವನ್ನು ವ್ಯರ್ಥ ಮಾಡುವ ಬದಲು, ಆ ಹದ ಎಲ್ಲಿದೆ ಎಂದು ಲೆಕ್ಕವೇ ದಾರಿ ತೋರಿಸುತ್ತದೆ. ಇಂದು ಈ ಕೆಲಸಕ್ಕೆ ಕಂಪ್ಯೂಟರುಗಳಿವೆ.

ನುಣುಪು ಪುಡಿ ಮತ್ತು ಒತ್ತಡದ ಬಗ್ಗೆ ಹೇಳಿದ ಮಾತು ನಿಜವಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಇಂದಿನ ಔಷಧ ಪರೀಕ್ಷಾಲಯಗಳಲ್ಲಿ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ಚಿಕ್ಕ ಕಣಗಳ ಕೊಳವೆಗಳಿವೆ. ನಿಮ್ಮ ಜ್ವರದ ಮಾತ್ರೆಯಲ್ಲಿ ಔಷಧ ಸರಿಯಾದ ಪ್ರಮಾಣದಲ್ಲಿದೆಯೇ, ಅರಸಿನದಲ್ಲಿ ಕುರ್ಕುಮಿನ್ ಎಷ್ಟಿದೆ ಎಂದು ಅಳೆಯುವುದು ಅವುಗಳಿಂದಲೇ.

ನಮ್ಮ ಊರಿನ ಮಣ್ಣು, ನೀರು

ಇದೆಲ್ಲ ದೂರದ ದೇಶದ ಕಥೆ ಎಂದುಕೊಳ್ಳಬೇಡಿ. ನಮ್ಮ ನೆರೆಯ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತಲೂ ಸಿಂಪಡಣೆ ನಡೆಯಿತು. ಹಲವು ಮನೆಗಳಲ್ಲಿ ಮಕ್ಕಳು ಅಂಗವೈಕಲ್ಯ, ಕಾಯಿಲೆಗಳಿಂದ ನರಳಿದರು. ನೀರಿನಲ್ಲಿ, ಮಣ್ಣಿನಲ್ಲಿ ವಿಷ ಇದೆಯೇ ಎಂದರೆ ಕಣ್ಣಿಗೆ ಕಾಣದು. ಇದೆ ಎಂದರೆ ಸಾಲದು, ಎಷ್ಟಿದೆ ಎಂದೂ ತೋರಿಸಬೇಕು.

ಈ ಕೆಲಸಕ್ಕೆ ಒದಗಿದ್ದು ಅನಿಲ ಕ್ರೊಮ್ಯಾಟೋಗ್ರಫಿ. ಮಾರ್ಟಿನ್ ಇದ್ದ ಮಿಲ್ ಹಿಲ್ ಸಂಶೋಧನಾಲಯದಲ್ಲಿಯೇ ಜೇಮ್ಸ್ ಲವ್‌ಲಾಕ್ ಎಂಬ ವಿಜ್ಞಾನಿ 1957ರಲ್ಲಿ ಅದಕ್ಕೆ ಒಂದು ಸೂಕ್ಷ್ಮ ಪತ್ತೆಸಾಧನವನ್ನು ರೂಪಿಸಿದ್ದರು. ಕ್ಲೋರಿನ್ ಇರುವ ವಸ್ತುಗಳನ್ನು ಅದು ಅತ್ಯಂತ ಕಡಿಮೆ ಪ್ರಮಾಣದಲ್ಲಿದ್ದರೂ ಹಿಡಿಯುತ್ತದೆ. ಎಂಡೋಸಲ್ಫಾನಿನ ಒಂದು ಅಣುವಿನಲ್ಲಿ 6 ಕ್ಲೋರಿನ್ ಪರಮಾಣುಗಳಿವೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಕಾಸರಗೋಡಿನ ಪಡ್ರೆ ಗ್ರಾಮದ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಇರುವುದನ್ನು ವರದಿ ಮಾಡಿತು. ಆ ವರದಿಯ ಬಗ್ಗೆ ವಾದವಿವಾದಗಳಾದವು, ಬೇರೆ ಸಂಸ್ಥೆಗಳೂ ಪರೀಕ್ಷೆ ನಡೆಸಿದವು. ಕೊನೆಗೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಡೀ ದೇಶದಲ್ಲಿ ಇದರ ತಯಾರಿಕೆ ಮತ್ತು ಮಾರಾಟವನ್ನು ತಡೆಯಿತು. ನರಳಿದ ಮನೆಗಳ ಮಾತಿಗೆ ಅಳತೆಯ ಬಲವೂ ಬೇಕಾಗಿತ್ತು. ಬೇರ್ಪಡಿಸಲು ಬಾರದಿದ್ದರೆ ಅಳೆಯಲು ಬಾರದು.

ಮಾರ್ಟಿನ್ ಮುಂದೆ ಹಲವು ಕಡೆ ಕೆಲಸ ಮಾಡಿದರು. 1970ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿಯೂ ಇದ್ದರು. ವೃದ್ಧಾಪ್ಯದಲ್ಲಿ ಮರೆವಿನ ಕಾಯಿಲೆ ಅವರನ್ನು ಕಾಡಿತು. ಸಿಂಜ್ 1994ರಲ್ಲಿ ತೀರಿಕೊಂಡರು. 2002ರ ಜುಲೈ 28ರಂದು, 92ನೆಯ ವಯಸ್ಸಿನಲ್ಲಿ, ಮಾರ್ಟಿನ್ ಕೊನೆಯುಸಿರೆಳೆದರು.

ಓದಲು ತಡವರಿಸಿದ ಹುಡುಗನೊಬ್ಬ ಡಬ್ಬಗಳನ್ನು ಬೆಸೆಯುತ್ತಾ ಕಲಿತ ವಿಷಯ, ಮುಂದೆ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಬೇಕಾಯಿತು. ನಿಮ್ಮ ತರಗತಿಯಲ್ಲಿ ಓದಲು ಕಷ್ಟಪಡುವ ಗೆಳೆಯರಿದ್ದರೆ ನಗಬೇಡಿ. ಅವರೊಡನೆ ಸೇರಿ ಒಂದು ಪ್ರಯೋಗ ಮಾಡಿ.

ನೀವೂ ಮಾಡಿ

1. ಬಿಳಿ ಸೀಮೆಸುಣ್ಣದ ಕಡ್ಡಿಯ ಬುಡದಿಂದ ಒಂದು ಬೆರಳಗಲ ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆಯಿರಿ. ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಕಡ್ಡಿಯನ್ನು ನಿಲ್ಲಿಸಿ. ಗೆರೆ ನೀರಿನಲ್ಲಿ ಮುಳುಗಬಾರದು. ಯಾವ ಯಾವ ಬಣ್ಣಗಳು ಕಂಡವು? ಯಾವುದು ಮುಂದೆ ಹೋಯಿತು?

2. ಚೆನ್ನೆಮಣೆಯ ಎರಡೂ ಸಾಲು ಸೇರಿದರೆ 14 ಗುಳಿಗಳು. ಮಂಜೊಟ್ಟಿ ಮತ್ತು ಹುಣಸೆ ಬೀಜಗಳನ್ನು 12 ನಡೆ ಸಾಗಿಸಿದರೆ ಎರಡು ರಾಶಿಗಳ ನಡುವಿನ ಸರಾಸರಿ ದೂರ ಎಷ್ಟು ಗುಳಿ? ಬೀಜವನ್ನು ಒಡೆಯಲಾಗದು. ಆದ್ದರಿಂದ ಕಾಗದದ ಮೇಲೆ ಲೆಕ್ಕ ಮಾಡಿ.

3. ತಟ್ಟೆಯ ಎತ್ತರದ ಸೂತ್ರದಲ್ಲಿ 4ರ ಬದಲು 9 ಇಟ್ಟು, ವೇಗ 1, 3, 9 ಆದಾಗ ಉತ್ತರ ಕಂಡುಹಿಡಿಯಿರಿ. ಹದವಾದ ವೇಗ ಯಾವುದು?

ಉತ್ತರಗಳನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.